ಎಂಟು ಸೀರೆಯ ಹಾಸನ್ನು ನಡುವೆ ಕತ್ತರಿಸಿದ್ದು

ಮೈ ಹತ್ತಿ, ದಡಿ ರೇಷ್ಮೆ ಇರುವ ಸೀರೆಯನ್ನು ಒಬ್ಬನೇ ಕೂತು ನೇಯಲಾಗುವುದಿಲ್ಲ. ಮೈಯ ಹತ್ತಿನೂಲು ದಡಿಯೊಳಗೆ ಹೋಗಬಾರದು, ದಡಿಯ ರೇಷ್ಮೆ ಮೈಯೊಳಗೆ ಬರಬಾರದು. ಎರಡೂ ಸೇರುವ ಗೆರೆಯಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಹಿಂದಿರುಗಬೇಕು. ಇಂಥ ಗೆರೆ ಬಲಕ್ಕೊಂದು, ಎಡಕ್ಕೊಂದು. ಅದಕ್ಕೇ ಮಗ್ಗದ ಕುಣಿಯಲ್ಲಿ ಇಬ್ಬರು ಪಕ್ಕಪಕ್ಕ ಕಾಲು ಇಳಿಬಿಟ್ಟು ಕೂಡುತ್ತಾರೆ. ಬಲಗಡೆಯವನು ತುಳಿಯುತ್ತಾನೆ, ಎಳೆ ಬಿಗಿಯಾಗಲು ಹಣಿಗೆ ಬಡಿಯುತ್ತಾನೆ, ಬಲದ ಕೊಂಡಿ ಹಾಕುತ್ತಾನೆ. ಎಡದ ಕೊಂಡಿ ಎಡಗಡೆಯವನದು. ಪ್ರತಿ ಎಳೆಗೂ ಇಬ್ಬರ ಕೈ ಒಟ್ಟಿಗೆ ಮುಗಿಯಬೇಕು.

ನಾನು ಬಲಗಡೆ. ಎಡಗಡೆ ಹನ್ನೊಂದು ವರ್ಷ ಕೂತವನು ಮುಸಲ್ಮಾನ ರಂಗರೇಜರ ಮನೆಯ ನನ್ನ ಗೆಳೆಯ. ನಾರಾಯಣಪೇಟೆಯ ನೇಕಾರರಿಗೆ ನೂಲಿಗೆ ಬಣ್ಣ ಹಾಕಿ ಕೊಡುವುದು ಅವರ ಮನೆತನದ ಕಸುಬು. ಅವನು ಅದನ್ನೂ ಮಾಡಿದ, ನಮ್ಮಪ್ಪನ ಹತ್ತಿರ ನೇಯ್ಗೆಯನ್ನೂ ಕಲಿತ. ಚಿಕ್ಕವನಿದ್ದಾಗ ಬಣ್ಣದ ಹಂಡೆ ಜಾರಿ ಬಿದ್ದು ಅವನ ಎಡಗೈ ತೋರುಬೆರಳು ಮುರಿದಿತ್ತು, ಸೊಟ್ಟಗೇ ಕೂಡಿಕೊಂಡಿತ್ತು. ಎಲ್ಲರೂ ಎಳೆಯನ್ನು ಕೆಳಗಿನಿಂದ ಎತ್ತಿ ಕೊಂಡಿ ಹಾಕಿದರೆ ಅವನು ಮೇಲಿನಿಂದ ಒತ್ತಿ ಹಾಕುತ್ತಿದ್ದ. ಸೀರೆಯ ಮುಂಬದಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಹಿಂಬದಿಯಲ್ಲಿ ಕೊಂಡಿಗಳ ಸಾಲು ಎದುರು ದಿಕ್ಕಿಗೆ ವಾಲಿರುತ್ತಿತ್ತು. ನಮ್ಮಪ್ಪ ಎರಡು ವರ್ಷ ಬೈದು, ಆಮೇಲೆ ಬಿಟ್ಟುಬಿಟ್ಟರು.

ನಮ್ಮಪ್ಪನ ಮಗ್ಗದ ಬಳಿ ಕಲಿತ ಮೂರನೆಯವನೂ ಒಬ್ಬನಿದ್ದ. ಜರಿ ವ್ಯಾಪಾರಿಯ ಮಗ. ಮಾಲಿನ ಒಳಿತು ಕೆಡಕು ಪಾರಖಿ ಮಾಡಬೇಕಾದವನಿಗೆ ನೇಯಲು ಬರಬೇಕೆಂದು ಅವನ ತಂದೆ ಕಳಿಸಿದ್ದರು. ಮೂವರೂ ಒಂದೇ ಗಂಗಾಳದಲ್ಲಿ ಮಂಡಾಳ ತಿಂದವರು. ತಂದೆ ತೀರಿದ ಮೇಲೆ ಅವನು ಸಾಹುಕಾರನಾದ. ನಾಲ್ಕು ಜನರ ಮುಂದೆ ನಾನು ಅವನಿಗೆ ಸಾಹುಕಾರ್ರೇ ಎನ್ನುತ್ತಿದ್ದೆ. ಒಳಗೆ ಲೇ ಎನ್ನುತ್ತಿದ್ದೆ. ಅವನು ಎರಡಕ್ಕೂ ಒಂದೇ ತರಹ ಓ ಎನ್ನುತ್ತಿದ್ದ. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ಯಾರೂ ಅವನನ್ನು ಕೆಟ್ಟವನೆನ್ನಬಾರದು.

ಪೊಲೀಸ್ ಆಕ್ಷನ್ ಆದ ವರ್ಷ, ಅದಕ್ಕೂ ಮೊದಲು, ಹೊರಗಿನಿಂದ ಸಂಸ್ಥಾನಕ್ಕೆ ಏನೂ ಬರದಂತೆ ಗಡಿಗಳು ಮುಚ್ಚಿದವು. ನೂಲು ನಿಂತಿತು, ರೇಷ್ಮೆ ನಿಂತಿತು. ಆಷಾಢದ ಹೊತ್ತಿಗೆ ನಮ್ಮ ಓಣಿಯ ಮಗ್ಗಗಳೆಲ್ಲ ಮೂಕವಾದವು. ಆಗ ಸಾಹುಕಾರ ನಮ್ಮಿಬ್ಬರನ್ನೂ ಕರೆಸಿದ. ಅವನ ಮನೆಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿಸಿದ ಚೀಲಗಳಲ್ಲಿ ರೇಷ್ಮೆ ಇತ್ತು. ತುಂಗಭದ್ರೆ ದಾಟಿ ಗದ್ವಾಲಕ್ಕೆ, ಅಲ್ಲಿಂದ ಕೃಷ್ಣೆ ದಾಟಿ ನಮ್ಮೂರಿಗೆ ಬಂದ ಮಾಲು. ಪರವಾನಗಿ ಇರಲಿಲ್ಲ.

"ಎಂಟು ಸೀರೀದು ಹಾಸು ಐತಿ. ಗದ್ವಾಲದೊಳಗ ಒಂದು ದೊಡ್ಡ ಮನಿತನದ ಮದುವಿಗೆ ಬೇಕಾಗ್ಯಾವ. ಇಲ್ಲೇ ಕುಣಿ ತೋಡಸ್ತೀನಿ. ಸಪ್ಪಳ ಹೊರಗ ಹೋಗಬಾರದು," ಎಂದ.

"ಹಣಿಗಿ ಬಡದ್ರ ಸಪ್ಪಳ ಆಗದ ಇರತೈತೇನಲೇ ಸಾವಕಾರ? ಅರಿವಿ ಸುತ್ತಿ ಬಡೀಬೇಕೇನು?" ಎಂದು ಗೆಳೆಯ ಕೇಳಿದ.

"ಮೊದಲ ನಿನ್ನ ಬಾಯಿಗೆ ಸುತ್ತು. ಹಣಿಗೀದು ಆಮ್ಯಾಲ ನೋಡೂಣು."

ಸಪ್ಪಳ ಹೊರಗೆ ಹೋಯಿತು. ಯಾರೂ ಬಂದು ಕೇಳಲಿಲ್ಲ. ಸಂಸ್ಥಾನದ ಪರವಾಗಿ ಕೋವಿ ಹಿಡಿದು ತಿರುಗುತ್ತಿದ್ದ ರಜಾಕಾರರ ಮುಖಂಡನಿಗೆ ಸಾಹುಕಾರ ಚಂದಾ ಕೊಡುತ್ತಿದ್ದ. ನಮಗೆ ಗೊತ್ತಿತ್ತು. ಅವನೂ ಮುಚ್ಚಿಡಲಿಲ್ಲ. ಆ ದಿನಗಳಲ್ಲಿ ಕೊಡದೆ ಉಳಿದ ಉಳ್ಳವರು ಕಡಿಮೆ. ನಮ್ಮ ಎರಡು ಮನೆಗಳಿಗೂ ಅವನು ಪ್ರತಿ ವಾರ ಜೋಳ ಕಳಿಸುತ್ತಿದ್ದ, ಕೂಲಿ ಬೇರೆ. ನಾವು ಉಂಡೆವು.

ನಮ್ಮಪ್ಪನ ಕಟ್ಟಳೆಗಳನ್ನು ಆ ಕೋಣೆಯಲ್ಲೂ ನಾನು ಬಿಡಲಿಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ಸ್ನಾನ ಮುಗಿಸಿ ಕುಣಿಗೆ ಇಳಿಯಬೇಕು. ದೀಪ ಹಚ್ಚುವ ಹೊತ್ತಿಗೆ ಏಳಬೇಕು, ದೀಪದ ಬೆಳಕಿನಲ್ಲಿ ರೇಷ್ಮೆಯ ಬಣ್ಣವನ್ನು ನಂಬಬಾರದು. ಅಮಾವಾಸ್ಯೆಯ ದಿನ ಮಗ್ಗ ಮುಟ್ಟಬಾರದು. ಬೆಳಿಗ್ಗೆಯ ಮೊದಲ ಎಳೆಯ ಜೊತೆ ಬಲದ ಅಂಚಿನಲ್ಲಿ ಬೆರಳುದ್ದದ ಬಿಳಿ ನೂಲಿನ ತುಂಡನ್ನು ಸೇರಿಸಿ ಬಡಿಯಬೇಕು. ಸೋಮವಾರವಾದರೆ ಅರಿಸಿನ ಹಚ್ಚಿದ ತುಂಡು. ಒಂದು ಗುರುತಿನಿಂದ ಇನ್ನೊಂದು ಗುರುತಿಗೆ ಒಂದು ದಿನದ ಕೆಲಸ. ಎಲ್ಲ ಮುಗಿದ ಮೇಲೆ ಆ ತುಂಡುಗಳನ್ನು ಕೀಳುತ್ತೇವೆ. ಇನ್ನೊಂದು ಕಟ್ಟಳೆ ಎಲ್ಲಕ್ಕಿಂತ ದೊಡ್ಡದು. ಹಾಸು ಎಂದರೆ ಮಗ್ಗದ ಉದ್ದಕ್ಕೆ ಬಿಗಿದ ನೂಲು. ನಮ್ಮೂರಲ್ಲಿ ಒಂದೇ ಹಾಸಿನ ಮೇಲೆ ಎಂಟು ಸೀರೆ ನೇಯುತ್ತೇವೆ. ಎಂಟೂ ಮುಗಿಯುವ ತನಕ ನೇಯ್ದ ಬಟ್ಟೆ ದಿಂಡಿನ ಮೇಲೆ ಸುತ್ತಿಕೊಂಡೇ ಇರುತ್ತದೆ. ಮಗ್ಗದಲ್ಲಿ ಕೂತವನು ಸತ್ತರೆ ಮಾತ್ರ ನಡುವೆ ಕತ್ತರಿ ಹಾಕುತ್ತಾರೆ.

ನಾಗರಪಂಚಮಿ ದಾಟಿದ ಮೇಲೆ ಶುರುಮಾಡಿದೆವು. ಅಷ್ಟರಲ್ಲಿ ಶ್ರಾವಣದ ಮೊದಲ ಸೋಮವಾರ ಕಳೆದಿತ್ತು. ದಿನಕ್ಕೆ ಎರಡು ಮೊಳಕ್ಕೆ ತುಸು ಕಡಿಮೆ ಸಾಗುತ್ತಿತ್ತು.

ಮೂರನೆಯ ಸೋಮವಾರ ಮಧ್ಯಾಹ್ನ ಸಾಹುಕಾರನ ಮಗಳಿಗೆ ಜ್ವರ ಏರಿ ಮೈ ಸೆಟೆಯಿತು. ಹಕೀಮರ ಮನೆ ಪೇಟೆಯ ಆ ತುದಿಗೆ. ಅಂದು ಬೀದಿ ಸರಿಯಿರಲಿಲ್ಲ. ರಜಾಕಾರರ ತಂಡವೊಂದು ಬೆಳಗಿನಿಂದ ಸುತ್ತುತ್ತಿತ್ತು. ಸಾಹುಕಾರ ಬಾಗಿಲಲ್ಲಿ ನಿಂತು ಗೆಳೆಯನ ಮುಖ ನೋಡಿದ.

"ನಾ ಹೋಗಿ ಬರ್ತೀನಿ ಬಿಡು. ನನ್ನ ಟೊಪಿಗಿ ಇವತ್ತರ ಉಪಯೋಗಕ್ಕ ಬರಲಿ," ಎಂದು ಗೆಳೆಯ ಎದ್ದ.

ಎಳೆ ಅರ್ಧದಲ್ಲಿತ್ತು. ಅವನು ಬರುವ ತನಕ ಎಡಗಡೆ ಸಾಹುಕಾರನೇ ಕುಣಿಗೆ ಇಳಿದ. ಮಗಳ ಚಿಂತೆಯಲ್ಲಿ ಅವನಿಗೆ ಕೈಗೆ ಏನಾದರೂ ಬೇಕಾಗಿತ್ತು. ಹದಿನೈದು ವರ್ಷದ ಮೇಲೆ ಲಾಳಿ ಹಿಡಿದಿದ್ದ.

"ಕೈ ಇನ್ನೂ ಐತಿ ನೋಡು."

"ಐತಿ. ಮೆತ್ತಗಾಗೈತಿ," ಎಂದೆ.

ಗೆಳೆಯ ಔಷಧಿ ತಂದುಕೊಟ್ಟು ತನ್ನ ಜಾಗಕ್ಕೆ ಬರುವಷ್ಟರಲ್ಲಿ ನಾಲ್ಕು ಬೆರಳಿನಷ್ಟು ನೇಯ್ದಿದ್ದೆವು. ಮಗು ಉಳಿಯಿತು.

ಭಾದ್ರಪದದಲ್ಲಿ ಸೈನ್ಯ ಬಂತು. ನಾಲ್ಕೈದು ದಿನದಲ್ಲಿ ಎಲ್ಲ ಮುಗಿಯಿತು. ರಜಾಕಾರರು ಬಟ್ಟೆ ಬದಲಿಸಿಕೊಂಡು ಓಡಿದರು. ಓಡಲು ಜಾಗವಿಲ್ಲದವರು, ಓಡಬೇಕಾದ ಕಾರಣವೇ ಇಲ್ಲದವರು ಮನೆಯಲ್ಲಿ ಉಳಿದರು. ಯಾರು ಯಾರನ್ನು ತೋರಿಸಿದರೂ ಹಿಡಿಯುವ ದಿನಗಳು ಅವು. ಒಂದು ವಾರ ಕಳೆದ ಮೇಲೆ ಗೆಳೆಯನನ್ನು ಹಿಡಿದು ಮಕ್ತಲ್‌ಗೆ ಒಯ್ದರು, ಅಲ್ಲಿ ತಹಶೀಲ್ ಕಚೇರಿಯ ಹವಾಲಾತಿನಲ್ಲಿ ಕೂಡಿಹಾಕಿದರು. ಆಪಾದನೆ ಇಷ್ಟು: ಶ್ರಾವಣದ ಮೂರನೆಯ ಸೋಮವಾರ ಮಧ್ಯಾಹ್ನ ಉಟ್ಕೂರಿನ ಹತ್ತಿರದ ಹಳ್ಳಿಯೊಂದಕ್ಕೆ ಲಾರಿಯಲ್ಲಿ ರಜಾಕಾರರು ಬಂದು ನೆಲದೊಳಗಿನ ಜೋಳದ ಹಗೇವು ಒಡೆದರು, ಒಂದು ಮನೆಗೆ ಬೆಂಕಿ ಇಟ್ಟರು. ಬೆಂಕಿ ಇಟ್ಟವನ ಕೈ ಮಣಿಕಟ್ಟಿನ ತನಕ ಕೆಂಪಗಿತ್ತು. ಮನೆ ಕಳೆದುಕೊಂಡ ರೈತ ಸಂತೆಯಲ್ಲಿ ಬಣ್ಣ ಹತ್ತಿ ಕೆಂಪಾದ ಗೆಳೆಯನ ಕೈ ನೋಡಿ ಇವನೇ ಎಂದಿದ್ದ.

ಗೆಳೆಯನ ತಾಯಿ ನಮ್ಮ ಮನೆ ಕಟ್ಟೆಗೆ ಬಂದು ಕೂತಳು. ಅಳಲಿಲ್ಲ.

"ಬೇಟಾ, ಆ ದಿವಸ ಅಂವ ನಿನ್ನ ಬಾಜೂಕ ಕೂತಿದ್ದ. ಇದನ್ನ ಹೇಳಾಕ ನಿನಗ ಎಷ್ಟು ಹೊತ್ತು ಬೇಕು?"

"ನಾಳೆನ ಹೇಳತೀನಿ ಅಮ್ಮಾ," ಎಂದೆ.

ಮೊದಲು ಸಾಹುಕಾರನಲ್ಲಿಗೆ ಹೋದೆ. ಅವನ ಮುಖ ಬಿಳಿಚಿಕೊಂಡಿತ್ತು. "ಅಂವ ಇಲ್ಲೇ ಇದ್ದ ಅಂತ ಹೇಳಿದ್ರ ಏನು ನೇಯ್ತಿದ್ರಿ ಅಂತ ಕೇಳತಾರ. ರೇಷ್ಮಿ ಎಲ್ಲಿಂದ ಬಂತು ಅಂತಾರ. ಎಲ್ಲಾರ ಮನಿ ಹುಡುಕಿದ ರಜಾಕಾರರು ನಿನ್ನ ಮನಿ ಯಾಕ ಹುಡುಕಲಿಲ್ಲ ಅಂತಾರ. ಆಗ ನಾನೂ ರಜಾಕಾರರವನ ಆಗತೀನಿ. ನಾ ಒಳಗ ಹೋದ್ರ ಅವನ್ನ ಬಿಡಿಸಾವರು ಯಾರು? ಎಂಟು ದಿವಸ ತಡಿ. ನಾನ ಹೋಗಿ ಅಧಿಕಾರಿ ಜೋಡಿ ಸಮಾಧಾನದಿಂದ ಮಾತಾಡತೀನಿ."

ಮಾತಿನಲ್ಲಿ ತಪ್ಪು ಕಾಣಲಿಲ್ಲ. ಉಳ್ಳವನ ಮಾತು ಹಾಗೇ ಇರುತ್ತದೆ, ಎಲ್ಲೂ ಬಿರುಕು ಇರುವುದಿಲ್ಲ. ಮದುವೆಯ ದಿನ ಹತ್ತಿರ ಬರುತ್ತಿದೆ, ಅಲ್ಲಿಯ ತನಕ ಕೆಲಸ ನಿಲ್ಲುವುದು ಬೇಡ ಎಂದೂ ಅವನೇ ಹೇಳಿದ. ಧರೂರು ಕಡೆಯ ಒಬ್ಬ ನೇಕಾರ ಕೆಲಸ ಹುಡುಕಿಕೊಂಡು ಬಂದಿದ್ದ. ಮರುದಿನ ಬೆಳಿಗ್ಗೆ ಅವನು ಎಡಗಡೆ ಕೂತ. ನಾನು ಬಿಳಿ ನೂಲಿನ ತುಂಡು ಸೇರಿಸಿ ಹಣಿಗೆ ಬಡಿದೆ.

ನಾಲ್ಕು ದಿನ ನೇಯ್ದೆ. ಬೆಳಿಗ್ಗೆ ಸ್ನಾನ, ಮಗ್ಗಕ್ಕೆ ನಮಸ್ಕಾರ, ಕೆಲಸ, ದೀಪದ ಹೊತ್ತಿಗೆ ಮನೆ. ನಿತ್ಯದ ಕೆಲಸದಲ್ಲಿ ಇರುವವನಿಗೆ ತಾನು ಏನನ್ನೂ ಮಾಡುತ್ತಿಲ್ಲ ಎಂಬುದು ಗೊತ್ತಾಗುವುದಿಲ್ಲ. ಕೈ ಆಡುತ್ತಿರುತ್ತದೆ, ಅಷ್ಟು ಸಾಕೆನಿಸುತ್ತದೆ. ಮೂರನೆಯ ದಿನ ಗೆಳೆಯನ ತಾಯಿ ಮತ್ತೆ ಬಂದಿದ್ದಳೆಂದು ಹೆಂಡತಿ ಹೇಳಿದಳು. ನಾಲ್ಕನೆಯ ದಿನ ಸಂಜೆ ನಾನು ಮನೆ ಸೇರುವಾಗಲೂ ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಎದ್ದು ಹೋದಳು. ಹೋಗುವಾಗ ಇಷ್ಟೇ ಹೇಳಿದಳು: "ಹವಾಲಾತಿನಾಗ ಇದ್ದಾವರನ್ನ ನಾಡದು ದೂರದ ದೊಡ್ಡ ಜೈಲಿಗೆ ಕಳಸ್ತಾರಂತ."

ಐದನೆಯ ದಿನ ಬೆಳಿಗ್ಗೆ ದಿಂಡಿನ ಮೇಲೆ ಸಡಿಲವಾಗಿದ್ದ ಏಳೆಂಟು ಮೊಳ ಬಟ್ಟೆಯನ್ನು ಬಿಚ್ಚಿ ಮತ್ತೆ ಸುತ್ತಲು ಬಗ್ಗಿದಾಗ ಹಿಂಬದಿ ಕಣ್ಣಿಗೆ ಬಿತ್ತು. ಎಡದ ಕೊಂಡಿಗಳ ಸಾಲು ಒಂದು ಕಡೆ ವಾಲುತ್ತ ಬಂದು, ಒಂದು ಬಿಳಿ ಗುರುತಿನ ಬಳಿ ದಿಕ್ಕು ಬದಲಿಸಿ, ಅಲ್ಲಿಂದ ಇನ್ನೊಂದು ಕಡೆ ವಾಲಿತ್ತು. ಗೆಳೆಯನ ಕೈ ಎಲ್ಲಿ ನಿಂತಿತು ಎಂಬುದು ಅಲ್ಲಿ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಹಾಗಾದರೆ ಒಳಗಿನ ಸುತ್ತುಗಳಲ್ಲಿ ಮೂರನೆಯ ಸೋಮವಾರವೂ ಇತ್ತು. ನನ್ನ ಬಾಯಿಮಾತನ್ನು ಅಧಿಕಾರಿ ನಂಬದಿರಬಹುದು. ಬಟ್ಟೆ ಸುಳ್ಳು ಹೇಳಲಾರದು. ಆದರೆ ಬಟ್ಟೆ ದಿಂಡಿನ ಮೇಲೆ, ದಿಂಡು ಮಗ್ಗದ ಮೇಲೆ, ಮಗ್ಗ ಸಾಹುಕಾರನ ಕೋಣೆಯಲ್ಲಿ. ಮಕ್ತಲ್ ಒಂದು ದಿನದ ದಾರಿ.

ಧರೂರಿನವನನ್ನು ಹೊರಗೆ ಕಳಿಸಿದೆ. ಹಾಸಿನ ನೂಲುಗಳನ್ನು ಹಣಿಗೆಯ ಹಿಂದೆ ಹಿಡಿಹಿಡಿಯಾಗಿ ಗಂಟು ಕಟ್ಟುತ್ತ ಬಂದೆ. ಹತ್ತಿನೂಲು ನಿಲ್ಲುತ್ತದೆ. ದಡಿಯ ರೇಷ್ಮೆ ಬಿಗಿ ತಪ್ಪಿದರೆ ಜಾರಿ ಹಣಿಗೆಯಿಂದ ಹೊರಬಿದ್ದುಹೋಗುತ್ತದೆ, ಅದನ್ನು ಎರಡೆರಡು ಸಲ ಗಂಟು ಹಾಕಿದೆ. ಹೀಗೆ ಮಾಡಿದರೆ ಮುಂದೆ ಯಾರಾದರೂ ತುದಿಗೆ ತುದಿ ಹೊಸೆದು ಹಾಸನ್ನು ಮತ್ತೆ ಕೂಡಿಸಬಹುದು. ಆದರೂ ಐದನೆಯ ಸೀರೆ ಹೋಯಿತು. ನಡುವೆ ಕೂಡಿಸಿದ ಸೀರೆಯನ್ನು ಮದುವೆಗೆ ಯಾರು ಕೊಳ್ಳುತ್ತಾರೆ.

ಕತ್ತರಿ ಕೈಗೆತ್ತಿಕೊಂಡಾಗ ಸಾಹುಕಾರ ಬಾಗಿಲಲ್ಲಿದ್ದ.

"ಯಾರು ಸತ್ತಾರಲೇ?"

"ಸಾಯೂದರೊಳಗ ಹೋಗಬೇಕಂತೀನಿ."

"ಅದು ನನ್ನ ಹಾಸು."

"ಹೌದು. ನಿಂದ."

ಅವನು ಒಂದು ಹೆಜ್ಜೆ ಒಳಗೆ ಬಂದ. ತಡೆದಿದ್ದರೆ ನಿಲ್ಲಿಸುತ್ತಿದ್ದೆನೋ ಏನೋ, ಇಂದಿಗೂ ಖಚಿತವಾಗಿ ಹೇಳಲಾರೆ. ಅವನು ತಡೆಯಲಿಲ್ಲ. ಕತ್ತರಿ ಆಡುವಾಗ ಬಿಗಿದ ನೂಲು ಹಿಡಿಹಿಡಿಯಾಗಿ ಹಿಂದಕ್ಕೆ ಸಿಡಿಯುವುದನ್ನು ನೋಡುತ್ತ ನಿಂತ. ಬಟ್ಟೆ ಬಿಚ್ಚಿ ಗಂಟು ಕಟ್ಟಿದೆ.

"ಒಯ್ಯಿ. ನನ್ನ ಹೆಸರು ಮಾತ್ರ ತೆಗೀಬ್ಯಾಡ. ಇಷ್ಟು ದಿವಸ ನಿಮಗ ನಾ ಏನು ಕಡಿಮಿ ಮಾಡೀನಿ ಹೇಳು."

ಏನೂ ಕಡಿಮೆ ಮಾಡಿರಲಿಲ್ಲ. ಹಾಗೆಂದು ಹೇಳಿ ಹೊರಟೆ.

ಉಟ್ಕೂರಿನ ತನಕ ಒಂದು ಎತ್ತಿನ ಗಾಡಿ ಸಿಕ್ಕಿತು. ಅಲ್ಲಿಂದ ನಡೆದೆ. ಎರಡು ಕಡೆ ಸಿಪಾಯಿಗಳು ಗಂಟು ಬಿಚ್ಚಿಸಿ ನೋಡಿದರು. ಬಿಸಿಲು ಇಳಿಯುವ ಮೊದಲೇ ಮಕ್ತಲ್ ಕಚೇರಿಯಲ್ಲಿ ಹಾಜರಾದೆ.

ಹೊಸ ಅಧಿಕಾರಿ ಧಾರವಾಡದ ಕಡೆಯಿಂದ ಬಂದವರು, ಕನ್ನಡ ಬಲ್ಲವರು. ಮೇಜಿನ ಮೇಲೆ ಅರ್ಜಿಗಳ ರಾಶಿ. ನನ್ನ ಮಾತನ್ನು ಪೂರ್ತಿ ಕೇಳಿದರು.

"ಈ ನೂಲಿನ ಗುರುತು ನೀವು ನಿನ್ನೆ ಹಾಕಿರಬಹುದಲ್ಲ?"

"ನೇಕಾರರನ್ನ ಕೇಳ್ರಿ, ಸಾಹೇಬರ. ನನ್ನ ಕೇಳಬ್ಯಾಡ್ರಿ," ಎಂದೆ.

ಅವರು ಮಕ್ತಲ್‌ನ ಒಬ್ಬ ಮುದಿ ನೇಕಾರನನ್ನು ಕರೆಸಿದರು. ಎಂಬತ್ತರ ಹತ್ತಿರದವನು, ಕಣ್ಣು ಮಂಜು. ಬಟ್ಟೆಯನ್ನು ಕಚೇರಿಯ ಪಡಸಾಲೆಯ ಉದ್ದಕ್ಕೂ ಹಾಸಿದೆವು. ಅವನು ಮಂಡಿಯೂರಿ ಎರಡು ಹೆಬ್ಬೆರಳಿನಿಂದ ಎರಡೂ ಅಂಚು ತಡವುತ್ತ ಮುಂದಕ್ಕೆ ಸರಿದ. ಹವಾಲಾತಿನಿಂದ ಗೆಳೆಯನನ್ನು ತಂದು ನಿಲ್ಲಿಸಿದರು. ಗಡ್ಡ ಬೆಳೆದಿತ್ತು, ಕೈಯ ಕೆಂಪು ಮಾಸಿತ್ತು. ಹೇಳಿಕೆ ಬರೆಸಲು ಬಂದಿದ್ದ, ಆಪಾದನೆ ಹೊರಿಸಿದ ರೈತನೂ ಒಂದು ಕಂಬಕ್ಕೆ ಒರಗಿ ನಿಂತಿದ್ದ.

"ಈ ತುಂಡುಗಳು ಆಮ್ಯಾಲ ತುರುಕಿದ್ದಲ್ಲರಿ," ಎಂದ ಮುದುಕ. "ಹಣಿಗಿ ಪೆಟ್ಟು ತಿಂದಾವ. ಹೊರಗಿಂದ ತುರುಕಿದ್ರ ಬಾಜೂನ ಎಳಿ ಬಾಯಿ ಬಿಡ್ತಾವ." ಮತ್ತೆ ತಡವಿದ. "ಅರಿಸಿನದಿಂದ ಅರಿಸಿನಕ್ಕ ಆರು ಬಿಳೇವು. ಬರೋಬರಿ. ಇಲ್ಲಿ ಮುಂದ ಒಂದು ವಾರಕ್ಕ ಐದ ಅದಾವ. ಯಾಕಪಾ?"

"ಅಮಾಸಿ," ಎಂದೆ.

"ಹೌದಲ್ಲ. ಕಳ್ಳ ಆಗಿದ್ರ ಅಮಾಸಿ ಮರೀತಿದ್ದ," ಎಂದು ಅಧಿಕಾರಿಯ ಕಡೆ ತಿರುಗಿದ. "ಸಾಹೇಬರ, ಎಡಗಡಿ ಕೂತಾಂವನ ಕೈ ಉಲ್ಟಾ ಐತಿ. ಎಡಚ ಅಲ್ಲ. ಬೆರಳು ಮುರಿದಾಂವ. ಎಲ್ಲಿ, ಆ ಮನುಷ್ಯಾ ಕೈ ತರಲಿ."

ಗೆಳೆಯ ಕೈ ಚಾಚಿದ. ಮುದುಕ ಬೆರಳು ಹಿಡಿದು ಅಲ್ಲಾಡಿಸಿ, "ಇದ," ಎಂದ.

ಎರಡನೆಯ ಅರಿಸಿನದ ಗುರುತೇ ಶ್ರಾವಣದ ಮೂರನೆಯ ಸೋಮವಾರ. ಮುದುಕ ಅಲ್ಲಿಂದ ನಿಧಾನವಾಗಿ ಸರಿದ. ಒಂದು ಮೊಳ ದಾಟಿದ ಮೇಲೆ ನಿಂತ. ಹಿಂದೆ ಮುಂದೆ ನೋಡಿದ.

"ಇಲ್ಲಿ ನಾಕು ಬೆರಳು ಬ್ಯಾರೆ ಕೈ."

ನಾನು ಇದನ್ನು ಮೊದಲೇ ಹೇಳಬೇಕಾಗಿತ್ತು. ಬಟ್ಟೆಯನ್ನು ನೋಡಿದ ಕೂಡಲೇ ಒಪ್ಪುತ್ತಾರೆ, ಆ ಭಾಗದ ಮಾತೇ ಬರುವುದಿಲ್ಲ ಎಂದುಕೊಂಡಿದ್ದೆ. ನನ್ನ ತಪ್ಪು ಅದು.

"ನಾಲ್ಕು ಬೆರಳು ಅಂದರೆ ಎಷ್ಟು ಹೊತ್ತು?" ಅಧಿಕಾರಿ ಕೇಳಿದರು.

"ಒಂದು ತಾಸು. ಹೆಚ್ಚಂದ್ರ ಒಂದೂವರಿ."

"ಮಧ್ಯಾಹ್ನದ ಹೊತ್ತು. ಲಾರಿಯಲ್ಲಿ ಹೋಗಿ ಬರಲು ಅಷ್ಟು ಸಾಕು. ಇವನು ಎಲ್ಲಿ ಹೋಗಿದ್ದ?"

ಹಕೀಮರ ಮನೆಗೆ ಎಂದೆ. ಹಕೀಮರು ಊರು ಬಿಟ್ಟು ಹೋಗಿದ್ದರು. ಔಷಧಿ ಯಾರಿಗೆ, ಯಾರು ಕಳಿಸಿದರು, ಆ ಹೊತ್ತು ಎಡಗಡೆ ಕೂತವರು ಯಾರು ಎಂದು ಕೇಳಿದರು. ಗೆಳೆಯ ನನ್ನ ಕಡೆ ನೋಡಲಿಲ್ಲ. ಅವನು ಐದು ದಿನ ಹವಾಲಾತಿನಲ್ಲಿದ್ದ. ಸಾಹುಕಾರನ ಹೆಸರನ್ನು ಒಮ್ಮೆಯೂ ಎತ್ತಿರಲಿಲ್ಲವೆಂದು ಆಗ ತಿಳಿಯಿತು.

ನಾನು ಹೆಸರು ಹೇಳಿದೆ.

ಅಂದು ರಾತ್ರಿಯೇ ಕುದುರೆ ಸವಾರನ ಕೈಯಲ್ಲಿ ಕರೆ ಹೋಯಿತು, ಮರುದಿನ ಮಧ್ಯಾಹ್ನ ದಾಟುವಷ್ಟರಲ್ಲಿ ಸಾಹುಕಾರ ಒಳ್ಳೆಯ ಜೋಡೆತ್ತಿನ ಸವಾರಿ ಬಂಡಿಯಲ್ಲಿ ಬಂದ. ಇಸ್ತ್ರಿಯ ಕೋಟು, ರುಮಾಲು. ಕೂಡಲು ಕುರ್ಚಿ ಕೊಟ್ಟರು. ನಾವು ಮೂವರೂ ಒಂದೇ ಸೂರಿನ ಕೆಳಗೆ ಸೇರಿದ್ದು ಗೆಳೆಯನನ್ನು ಹಿಡಿದ ಮೇಲೆ ಅದೇ ಮೊದಲು. ಅವನು ಕುರ್ಚಿಯಲ್ಲಿ, ನಾನು ಕಂಬದ ಬಳಿ, ಗೆಳೆಯ ಇಬ್ಬರು ಸಿಪಾಯಿಗಳ ನಡುವೆ.

"ನಾನು ವ್ಯಾಪಾರಸ್ತ. ಮಗ್ಗದಾಗ ಕೂತಾಂವ ಅಲ್ಲರಿ," ಎಂದ ಸಾಹುಕಾರ.

ಮುದುಕ ಕೆಳಗಿನಿಂದಲೇ ತಲೆ ಎತ್ತಿದ. "ಇದು ಕಲಿತು ಬಿಟ್ಟಾಂವನ ಕೈ ಐತ್ರಿ ಸಾಹುಕಾರ್ರ. ಕೊಂಡಿ ಸರಿ ಐತಿ, ಬಿಗಿ ಇಲ್ಲ. ದಿನಾ ನೇಯಾವ್ರ ಕೈ ಹಿಂಗ ಇರೂದಿಲ್ಲ, ಕಲೀಲಾರದಾವ್ರ ಕೈನೂ ಹಿಂಗ ಇರೂದಿಲ್ಲ. ಹತ್ತು ಎಳಿ ಹಾಕಿ ತೋರಸ್ರಿ, ಮಗ್ಗ ನಮ್ಮನಿಯಾಗ ಐತಿ."

ಕಂಬಕ್ಕೆ ಒರಗಿದ್ದ ರೈತ ನಕ್ಕ. ಸಾಹುಕಾರ ಮೊಣಕಾಲ ಮೇಲಿದ್ದ ಕೈಗಳನ್ನು ಮಡಚಿಕೊಂಡ. ಅವನು ಗೆಳೆಯನನ್ನು ನೋಡಿದ, ಆಮೇಲೆ ಬಟ್ಟೆಯನ್ನು ನೋಡಿದ. ಕೊನೆಗೆ ಅಧಿಕಾರಿಗೆ, "ನಿಮ್ಮ ಜೋಡಿ ಒಂದು ಮಾತು, ಒಳಗ," ಎಂದ.

ಅವರು ಒಳಗೆ ಹೋದರು. ಬಾಗಿಲು ಅರ್ಧ ತೆರೆದೇ ಇತ್ತು. ನಮಗೆ ಎಲ್ಲ ಕೇಳಿಸಿತು.

"ರೇಷ್ಮಿ ಮಾತು, ಚಂದಾ ಮಾತು ಮುಂದ ಬರೂದಿಲ್ಲ ಅಂದ್ರ ಹೇಳತೀನ್ರಿ."

"ಮನೆ ಸುಟ್ಟವರನ್ನು ಹುಡುಕುವುದರಲ್ಲೇ ನನಗೆ ಹೊತ್ತು ಸಾಲುತ್ತಿಲ್ಲ. ರೇಷ್ಮೆ ನನಗೆ ಬೇಡ," ಎಂದರು ಅಧಿಕಾರಿ.

"ಬರವಣಿಗಿಯೊಳಗೂ ಬರಬಾರದ್ರಿ."

"ಬರುವುದಿಲ್ಲ."

ಹೊರಗೆ ಬಂದು ಸಾಹುಕಾರ ಎಲ್ಲವನ್ನೂ ಹೇಳಿದ. ಸ್ಪಷ್ಟವಾಗಿ, ತಡವರಿಸದೆ. ಮಗಳ ಜ್ವರ, ಹಕೀಮರ ಔಷಧಿ, ತಾನೇ ಕಳಿಸಿದ್ದು, ತಾನೇ ಎಡಗಡೆ ಕೂತದ್ದು, ಗೆಳೆಯ ಎಷ್ಟು ಹೊತ್ತಿಗೆ ಮರಳಿದ ಎಂಬುದು. ಹೇಳುತ್ತ ಹೇಳುತ್ತ ಅವನ ದನಿ ಒಡೆಯಿತು. "ಇವನು ನನ್ನ ಕೂಸಿನ ಜೀವಾ ಉಳಿಸ್ಯಾನ್ರಿ," ಎಂದ. ಅದು ನಟನೆಯಲ್ಲ. ಅವನನ್ನು ನಾನು ಬಾಲ್ಯದಿಂದ ಬಲ್ಲೆ. ಆದರೆ ಅದೇ ಮಾತನ್ನು ಅವನು ಒಳಗೆ ಹೋಗಿ ಬಂದ ಮೇಲೆ ಹೇಳಿದ, ಹೋಗುವ ಮೊದಲು ಹೇಳಲಿಲ್ಲ.

ಅಧಿಕಾರಿ ರೈತನನ್ನು ಕೇಳಿದರು. ಅವನು ಗೆಳೆಯನ ಕೈಯನ್ನು ಮತ್ತೊಮ್ಮೆ ನೋಡಿದ.

"ಕೆಂಪು ಕೈ ನೋಡಿದ್ದು ಖರೇರಿ. ಮಾರಿ ನೋಡಿಲ್ಲ. ನನ್ನ ಮನಿ ಸುಟ್ಟಾವ್ರು ಯಾರಂತ ನನಗ ಯಾರರ ಹೇಳಬೇಕಲ್ಲ," ಎಂದ.

ಬಿಡುಗಡೆಯ ಕಾಗದಕ್ಕೆ ಗೆಳೆಯನ ಹೆಬ್ಬೆಟ್ಟು ಬೇಕಾಗಿತ್ತು. ಅದಕ್ಕೆ ಮೊದಲು ತನ್ನ ಕೈ ಎಲ್ಲಿಂದ ಎಲ್ಲಿಯವರೆಗೆ ಇದೆಯೆಂದು ತೋರಿಸಲು ಅಧಿಕಾರಿ ಅವನಿಗೆ ಹೇಳಿದರು, ಕಾಗದದಲ್ಲಿ ಬರೆದುಕೊಳ್ಳಲು. ಅವನು ಸೊಟ್ಟ ಬೆರಳನ್ನು ಎಡದ ಗೆರೆಯ ಮೇಲಿಟ್ಟು ನಡೆದ. ಮೊದಲ ಸೀರೆ, ಎರಡನೆಯದು, ನಾಲ್ಕು ಬೆರಳಿನ ಜಾಗ, ಮೂರನೆಯದು, ನಾಲ್ಕನೆಯದು. ಐದನೆಯದರ ನಡುವೆ ನಿಂತ. "ಇಲ್ಲಿಗೆ ಮುಗೀತು ನಂದು," ಎಂದ. ಮುಂದೆ ಏಳು ಮೊಳ ಬಟ್ಟೆ ಇತ್ತು. ಅವನ ಕಣ್ಣು ಬಲದ ಅಂಚಿಗೆ ಹೋಯಿತು. ಅಲ್ಲಿಂದ ಮುಂದಿನ ದಿನದ ಗುರುತುಗಳನ್ನು ಎಣಿಸಿದ್ದನ್ನು ನಾನು ನೋಡಿದೆ.

ಸಾಹುಕಾರ ಬಂಡಿಯಲ್ಲಿ ಜಾಗವಿದೆ ಎಂದ. ಗೆಳೆಯ ನಡೆಯುತ್ತೇನೆಂದ. ನಾನೂ ನಡೆದೆ. ಉಟ್ಕೂರಿನ ತನಕ ಅವನು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ. ಬಾವಿಯೊಂದರ ಬಳಿ ನೀರು ಕುಡಿದು ಬಾಯಿ ಒರಸಿಕೊಂಡು ಕೇಳಿದ:

"ಆ ನಾಕು ದಿವಸ ಎಡಕ್ಕ ಯಾರು ಕೂತಿದ್ರು?"

"ಧರೂರು ಕಡೆಯಾಂವ."

"ಕೈ ಚಲೋ ಐತಿ ಅವಂದು."

ನಾನು ಕಾರಣ ಹೇಳತೊಡಗಿದೆ. ಸಾಹುಕಾರ ಎಂಟು ದಿನ ತಡೆ ಎಂದದ್ದು, ಅಧಿಕಾರಿಯ ಜೊತೆ ಮಾತಾಡುತ್ತೇನೆಂದದ್ದು. ಹೇಳುತ್ತಿದ್ದ ಹಾಗೇ, ಅವು ಸಾಹುಕಾರನ ಕಾರಣಗಳು, ನನ್ನವಲ್ಲ ಎಂದು ನನಗೇ ತಿಳಿಯಿತು. ಕಳೆದುಕೊಳ್ಳಲು ಅವನಿಗೆ ಆಸ್ತಿ ಇತ್ತು. ನನಗೆ ಏನಿತ್ತು? ಸೂರ್ಯ ಹುಟ್ಟುವ ಹೊತ್ತಿಗೆ ಕೂಡಲು ಒಂದು ಕುಣಿ ಇತ್ತು, ಅಷ್ಟೇ. ಅಷ್ಟನ್ನು ಬಿಡಲು ನನಗೆ ನಾಲ್ಕು ದಿನ ಬೇಕಾಯಿತು.

"ಹೋಗಲಿ ಬಿಡು. ಹಾಸು ಕತ್ತರಿಸೀಯಲ್ಲ, ಸಣ್ಣ ಮಾತಲ್ಲ ಅದು," ಎಂದ ಅವನು. ಸಿಟ್ಟಿನ ದನಿಯಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು.

ನಾರಾಯಣಪೇಟೆಯಲ್ಲಿ ಎಲ್ಲರೂ ಸಾಹುಕಾರನನ್ನು ಹೊಗಳಿದರು. ಆ ಕಾಲದಲ್ಲಿ ಒಬ್ಬ ರಂಗರೇಜನಿಗಾಗಿ ಮಕ್ತಲ್ ತನಕ ಹೋಗಿ ಗವಾಹಿ ಹೇಳಿದ ದೊಡ್ಡ ಮನುಷ್ಯ ಎಂದರು. ಅದು ಸುಳ್ಳಲ್ಲ. ಕತ್ತರಿಸಿದ ಹಾಸನ್ನು ಅವನು ಬೇರೆಯವರಿಂದ ಕೂಡಿಸಿ ನೇಯಿಸಿದ, ಮದುವೆಗೆ ಏಳು ಸೀರೆ ಹೋದವು. ಹಾಳಾದ ಸೀರೆಯ ಬಗ್ಗೆ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಒಂದೂವರೆ ವರ್ಷದ ಮೇಲೆ ನೂಲಿಗಾಗಿ ನಾನು ಅವನ ಮನೆಗೇ ಹೋಗಬೇಕಾಯಿತು. ಬಾ ಎಂದ, ಜಮಖಾನೆ ಹಾಸಿಸಿದ, ಚಹಾ ತರಿಸಿದ. ಸಿರಿವಂತನ ಗೆಳೆತನದಲ್ಲಿ ಕೊಡುವುದಕ್ಕೆ ಕೊನೆ ಇರುವುದಿಲ್ಲ. ಅದರ ಮುಂದೆ ಒಂದು ಹೊಸ್ತಿಲು ಮಾತ್ರ ಇರುತ್ತದೆ. ಅದನ್ನು ದಾಟುವ ಮೊದಲು ಅವನು ಒಳಗೆ ಹೋಗಿ ಒಂದು ಮಾತು ಮುಗಿಸಿಕೊಂಡು ಬರುತ್ತಾನೆ. ಬಡವನ ಗೆಳೆತನಕ್ಕೆ ಅಂಥ ಹೊಸ್ತಿಲು ಇಲ್ಲವೆಂದು ಗದ್ವಾಲಕ್ಕೆ ಹೋಗಿಬರುವ ತನಕ ನಾನು ನಂಬಿದ್ದೆ.

ಗೆಳೆಯ ತಾಯಿಯನ್ನು ಕರೆದುಕೊಂಡು ಗದ್ವಾಲಕ್ಕೆ ಹೋಗಿ ನೆಲೆಸಿದ್ದ. ಅಲ್ಲಿ ಒಬ್ಬರ ಮಗ್ಗದಲ್ಲಿ ಎಡಗಡೆ ಕೂಡುತ್ತಾನೆಂದು ಸುದ್ದಿ ಬಂತು. ಸಾಹುಕಾರನಿಂದ ನೂಲು ತಂದ ಮೇಲೆ ಒಂದು ದಿನ ನಾನು ಹೊರಟೆ. ನನ್ನ ಮಗ್ಗ ಮತ್ತೆ ಹೂಡಿದ್ದೆ, ಎಡಗಡೆ ಖಾಲಿ ಇತ್ತು. ಮಕ್ತಲ್ ದಾಟಿ ಒಂದು ರಾತ್ರಿ ತಂಗಿ, ಹರಿಗೋಲಿನಲ್ಲಿ ಕೃಷ್ಣೆ ದಾಟಿ, ಮರುದಿನ ಊಟದ ಹೊತ್ತು ಮೀರಿ ಅವನ ಮನೆ ಸೇರಿದೆ.

ಕಾಲಿಗೆ ನೀರು ಕೊಟ್ಟ. ಚಾಪೆ ಹಾಕಿದ. ನನ್ನ ಹೆಂಡತಿ ಮಕ್ಕಳನ್ನು ವಿಚಾರಿಸಿದ, ಸಾಹುಕಾರನ ಮಗಳಿಗೆ ಈಗ ಹೇಗಿದೆಯೆಂದು ಕೇಳಿದ. ನಾನು ಬಂದ ಕೆಲಸ ಹೇಳಿದೆ.

"ಇಲ್ಲಿಯಾವ್ರ ಜೋಡಿ ಕೈ ಕೂಡೈತಿ," ಎಂದ.

ಆಮೇಲೆ ನೂಲಿನ ಧಾರಣೆಯ ಮಾತು, ಮಳೆಯ ಮಾತು. ನಮ್ಮ ಕಡೆ ಹೊಳೆ ದಾಟಿ ಬಂದವರನ್ನು ಅದೇ ದಿನ ಕಳಿಸುವ ಪದ್ಧತಿ ಇಲ್ಲ. ಶತ್ರುವಾದರೂ ಒಂದು ರಾತ್ರಿ ಇರಿಸಿಕೊಳ್ಳುತ್ತಾರೆ. ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ಅವನು ಹೊರಗೆ ನೋಡಿದ.

"ಈಗ ಹೊಂಟ್ರ ಹೊತ್ತು ಮುಳುಗೂದರೊಳಗ ಹರಿಗೋಲು ಸಿಗತೈತಿ," ಎಂದ.

ನಾನು ಎದ್ದೆ. ಒಳಗೆ ಅವನ ತಾಯಿ ನನ್ನ ಪಾಲಿಗೂ ಸೇರಿಸಿ ರೊಟ್ಟಿ ಬಡಿಯುತ್ತಿದ್ದಳು, ಕೈಸಪ್ಪಳ ಕೇಳುತ್ತಿತ್ತು. ಸಾಕು ಎಂದು ಅವನು ಅವಳಿಗೆ ಹೇಳಲಿಲ್ಲ. ಇರು ಎಂದು ನನಗೂ ಹೇಳಲಿಲ್ಲ.